ಕಪ್ಪು ಸಿನಿಮಾ, ಬಣ್ಣದ ಪೋಸ್ಟರ್: ಆರು ಪ್ರಿಂಟ್ ತರಿಸಿ ಫ್ರೇಮ್ ಹಾಕಿಸಿದ ಕತೆ

ಮೊದಲೇ ಹೇಳಿಬಿಡುತ್ತೇನೆ. ಆರರಲ್ಲಿ ಮೂರು ಚೆನ್ನಾಗಿವೆ, ಒಂದು ಪರವಾಗಿಲ್ಲ, ಎರಡು ದಂಡ. ಫ್ರೇಮ್ ಹಾಕಿಕೊಟ್ಟ ನಮ್ಮ ಶಿವಮೊಗ್ಗದ ಅಂಗಡಿಗೆ ಮಾತ್ರ ಪೂರ್ತಿ ಅಂಕ. ಅವಸರ ಇದ್ದವರು ಇಷ್ಟು ಓದಿ ಹೋಗಬಹುದು.

ಆನ್‌ಲೈನ್‌ನಲ್ಲಿ 'ಫಿಲ್ಮ್ ನಾಯರ್ ಪೋಸ್ಟರ್ ಸೆಟ್' ಅಂತ ಕಂಡಿತು. ಆರು ಪ್ರಿಂಟ್, ಎ2 ಸೈಜು, ಕೊರಿಯರ್ ಸೇರಿ 2,100 ರೂಪಾಯಿ. ಫಿಲ್ಮ್ ನಾಯರ್ (film noir) ಅಂದರೆ 1940-50ರ ದಶಕದ ಕತ್ತಲು-ನೆರಳಿನ ಕ್ರೈಮ್ ಸಿನಿಮಾ. ಅಂಥ ಹಳೆಯ ಅಮೆರಿಕನ್ ಸಿನಿಮಾಗಳ ಹುಚ್ಚು ನನಗೆ ಕಾಲೇಜಿನಿಂದಲೇ ಇದೆ. ಮಹಡಿ ಮೇಲಿನ ರೂಮಿನ ಗೋಡೆ ಬೇರೆ ಖಾಲಿ ಇತ್ತು. ಹಿಂದೆಮುಂದೆ ನೋಡದೆ ಆರ್ಡರ್ ಮಾಡಿದೆ. ಪಾರ್ಸೆಲ್ ಬಂದಿದ್ದು ಪುನರ್ವಸು ಮಳೆ ಹಿಡಿದ ವಾರ. ಕೊರಿಯರ್ ಹುಡುಗ ರೇನ್‌ಕೋಟಿನೊಳಗೆ ಟ್ಯೂಬನ್ನು ಮಗುವಿನ ಥರ ಅವಚಿಕೊಂಡು ತಂದಿದ್ದ. ಟ್ಯೂಬಿನ ಎರಡೂ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಪ್ಲಾಸ್ಟಿಕ್ ಕವರ್. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಪ್ಯಾಕಿಂಗ್ ಬಗ್ಗೆ ಮಾತಾಡುವ ಹಾಗಿಲ್ಲ.

ಬಿಚ್ಚಿ ನೋಡಿದರೆ ಸೆಟ್ಟು ಎರಡು ಥರದ್ದು. ಮೂರು ಪ್ರಿಂಟ್ ಹಳೆಯ ಅಸಲಿ ಪೋಸ್ಟರುಗಳ ನಕಲು: 'ಗಿಲ್ಡಾ' (1946), 'ಟಚ್ ಆಫ್ ಈವಿಲ್' (1958), 'ಅನಾಟಮಿ ಆಫ್ ಎ ಮರ್ಡರ್' (1959). ಉಳಿದ ಮೂರು ಈಗಿನವರು ಯಾರೋ 'ನಾಯರ್ ಶೈಲಿ' ಅಂತ ಹೊಸದಾಗಿ ಮಾಡಿದ್ದು: 'ಡಬಲ್ ಇಂಡೆಮ್ನಿಟಿ' (1944), 'ಲಾರಾ' (1944), 'ದಿ ಥರ್ಡ್ ಮ್ಯಾನ್' (1949). ಜಾಹೀರಾತಿನಲ್ಲಿ ಈ ವ್ಯತ್ಯಾಸ ಹೇಳಿರಲಿಲ್ಲ. ಹೇಳಬೇಕಿತ್ತು.

ಹೊಸದಾಗಿ ಮಾಡಿದ ಮೂರರದ್ದೂ ಒಂದೇ ಅಡುಗೆ. ಹಾಳೆ ತುಂಬ ಕಪ್ಪು. ಕಿಟಕಿ ಪಟ್ಟಿಯ ನೆರಳು. ಟೋಪಿ ಹಾಕಿದ, ಮುಖ ಕಾಣದ ಒಬ್ಬ ಗಂಡಸು. ಎಲ್ಲೋ ಒಂದು ಕಡೆ ಮಾತ್ರ ಕೆಂಪು, ತುಟಿಗೋ ಉಗುರಿಗೋ. ಕೆಳಗೆ ತೆಳ್ಳಗಿನ ಅಕ್ಷರದಲ್ಲಿ ಸಿನಿಮಾದ ಹೆಸರು. ನಾಯರ್ ಅಂದರೆ ನಮ್ಮ ಕಣ್ಣೆದುರು ಬರುವುದೂ ಇದೇ ಅಲ್ವಾ? ನನಗೂ ಬಹಳ ವರ್ಷ ಹಾಗೇ ಇತ್ತು. ಆದರೆ ಆ ಕಾಲದ ಪೋಸ್ಟರುಗಳು ಹೀಗಿರಲೇ ಇಲ್ಲ! ಸಿನಿಮಾ ಕಪ್ಪು-ಬಿಳುಪು, ಪೋಸ್ಟರ್ ಮಾತ್ರ ಜಾತ್ರೆಯ ಬಣ್ಣ. ಹಳದಿ, ಕೆಂಪು, ಹಸಿರು, ನೀಲಿ, ಎಲ್ಲ ಒಂದರ ಮೇಲೊಂದು. ದೊಡ್ಡ ದೊಡ್ಡ ಮುಖಗಳು, ಓರೆಯಾಗಿ ಬರೆದ ಹೆಸರು, ಮೂಲೆಯಲ್ಲಿ ಪಿಸ್ತೂಲು, ಮೇಲೊಂದು ಕೂಗುವ ಸಾಲು, ಅದಕ್ಕೊಂದು ಆಶ್ಚರ್ಯಸೂಚಕ.

ಕಾರಣ ಸರಳ. ಪೋಸ್ಟರ್ ಮಾಡಿದವರಿಗೆ ತಾವು ನಾಯರ್ ಪೋಸ್ಟರ್ ಮಾಡುತ್ತಿದ್ದೇವೆ ಅಂತ ಗೊತ್ತೇ ಇರಲಿಲ್ಲ. ಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಒಟ್ಟಿಗೆ ಬಂದಿಳಿದ ಅಮೆರಿಕನ್ ಸಿನಿಮಾಗಳನ್ನು ನೋಡಿ 1946ರಲ್ಲಿ ನೀನೋ ಫ್ರಾಂಕ್ ಎಂಬ ಫ್ರೆಂಚ್ ವಿಮರ್ಶಕ ಆ ಹೆಸರು ಬಳಸಿದ. ನಾಯರ್ ಅಂದರೆ ಫ್ರೆಂಚಿನಲ್ಲಿ ಕಪ್ಪು, ಅಷ್ಟೆ. ಹಾಲಿವುಡ್ ಸ್ಟುಡಿಯೋಗಳ ಪಾಲಿಗೆ ಇವೆಲ್ಲ ಕ್ರೈಮ್ ಸಿನಿಮಾ, ಮೆಲೋಡ್ರಾಮಾ. ಬಣ್ಣದ ಫಿಲಂ ಆಗ ದುಬಾರಿ, ಕಾಗದದ ಮೇಲೆ ಬಣ್ಣ ಅಗ್ಗ. ಬೀದಿಯಲ್ಲಿ ಹೋಗುವವನನ್ನು ನಿಲ್ಲಿಸಿ ಟಿಕೆಟ್ ಕೊಳ್ಳಿಸಬೇಕು. ಅದಕ್ಕೆ ಕಪ್ಪು ಹಾಳೆ ಅಂಟಿಸಿದರೆ ಆಗುತ್ತದಾ?

ನಮ್ಮಲ್ಲೂ ಇದೇ ಆಗಿತ್ತು. ಕಪ್ಪು-ಬಿಳುಪು ಕನ್ನಡ ಸಿನಿಮಾಕ್ಕೂ ಗೋಡೆ ಮೇಲೆ ಬಣ್ಣದ ಪೋಸ್ಟರೇ. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಒಂದು ಕಟ್ಟು ಇತ್ತು. ಹೊದಿಕೆ ಹರಿದು ಅರ್ಧ ಆಗಿದ್ದರೂ ಅದರ ಬಣ್ಣ ಮಾತ್ರ ದೂರದಿಂದಲೇ ಹೊಡೆಯುತ್ತಿತ್ತು. ಗಾಬರಿಯಾದ ಹೆಂಗಸು, ಪಿಸ್ತೂಲು ಹಿಡಿದ ಕೈ. ಆ ಹೊದಿಕೆಯನ್ನೂ 1940ರ ದಶಕದ ಅಮೆರಿಕನ್ ಪೋಸ್ಟರನ್ನೂ ಪಕ್ಕ ಪಕ್ಕ ಇಟ್ಟರೆ ಅಣ್ಣ-ತಮ್ಮ ಅಂತ ಹೇಳಬಹುದು. ಅಲ್ಲಿ ಪೋಸ್ಟರ್ ಮಾಡುವವರ ಕಣ್ಣೆದುರು ಇದ್ದದ್ದೂ ಅಗ್ಗದ ಪತ್ತೇದಾರಿ ಪುಸ್ತಕಗಳ ಹೊದಿಕೆಯೇ.

ಹಾಗಾದರೆ ಈ ಕಪ್ಪು-ಕೆಂಪು ಎಲ್ಲಿಂದ ಬಂತು? ನನ್ನ ಅಂದಾಜು, 2005ರ 'ಸಿನ್ ಸಿಟಿ' ಬಂದ ಮೇಲೆ ಇದು ಜಾಸ್ತಿಯಾಯಿತು. ಆ ಸಿನಿಮಾ ಕಪ್ಪು-ಬಿಳುಪಿನ ನಡುವೆ ಅಲ್ಲಲ್ಲಿ ಮಾತ್ರ ಬಣ್ಣ ಬಿಟ್ಟಿತ್ತು. ಈಗ ಮೊಬೈಲ್ ಆ್ಯಪಿನಲ್ಲಿ 'ನಾಯರ್' ಅಂತ ಒತ್ತಿದರೂ ಅದೇ ಬರುತ್ತದೆ. ಅಂದರೆ ಈ ಹೊಸ ಪ್ರಿಂಟುಗಳು ಸಿನಿಮಾದ ಒಳಗಿನ ಬೆಳಕನ್ನು ತಂದು ಹೊರಗಿನ ಪೋಸ್ಟರಿಗೆ ಬಳಿದಿವೆ. ತಪ್ಪು ಅಂತ ಅಲ್ಲ. ಆದರೆ 'ಹಳೆಯ ಶೈಲಿ' ಅಂತ ಮಾರಬಾರದು.

ಕಿಟಕಿ ಪಟ್ಟಿಯ ನೆರಳೇ ತಗೊಳ್ಳಿ. ಅದು 'ಡಬಲ್ ಇಂಡೆಮ್ನಿಟಿ' ಸಿನಿಮಾದಲ್ಲಿ ಇದೆ, ಅದ್ಭುತವಾಗಿಯೇ ಇದೆ. ಛಾಯಾಗ್ರಾಹಕ ಜಾನ್ ಸೈಟ್ಸ್ ಕೋಣೆಯ ಗಾಳಿಯಲ್ಲಿ ಧೂಳು ತೇಲುವ ಹಾಗೆ ಕಾಣಲಿ ಅಂತ ಅಲ್ಯೂಮಿನಿಯಂ ಪುಡಿ ತೂರಿಸಿದ್ದನಂತೆ. ಆ ಸಿನಿಮಾದ ನಾಯಕಿಯ ಕಾಲಲ್ಲಿ ಒಂದು ಚೈನಿದೆ. ಇನ್ಶೂರೆನ್ಸ್ ಏಜೆಂಟ್ ಹಳ್ಳಕ್ಕೆ ಬೀಳುವುದು ಅದನ್ನು ನೋಡಿಯೇ. ಸಿನಿಮಾ ನೋಡಿದ ಯಾರೇ ಆದರೂ ಪೋಸ್ಟರಿಗೆ ಆ ಕಾಲಿನ ಚೈನನ್ನು ಹಿಡಿಯುತ್ತಿದ್ದರು. ನನಗೆ ಬಂದ ಪ್ರಿಂಟಿನಲ್ಲಿ ಚೈನೂ ಇಲ್ಲ, ಕಾಲೂ ಇಲ್ಲ. ಪಟ್ಟಿ ಪಟ್ಟಿ ನೆರಳು, ಒಂದು ಟೋಪಿ. ಯಾವ ಸಿನಿಮಾದ ಹೆಸರು ಹಾಕಿದರೂ ನಡೆಯುತ್ತದೆ. 'ಲಾರಾ'ದ್ದೂ ಅದೇ ಹಣೆಬರಹ. ಗೋಡೆ ಮೇಲೆ ತೂಗುಹಾಕಿದ ಹೆಣ್ಣಿನ ಚಿತ್ರವೊಂದರ ಸುತ್ತ ಇಡೀ ಕತೆ ಸುತ್ತುತ್ತದೆ, ಇವರು ಕೊಟ್ಟಿದ್ದು ಒಂದು ಜೊತೆ ಕೆಂಪು ತುಟಿ. ದಂಡ ಅಂದಿದ್ದು ಇವೆರಡನ್ನೇ. 'ಥರ್ಡ್ ಮ್ಯಾನ್' ಪರವಾಗಿಲ್ಲ. ಸುರಂಗದ ಕೊನೆಯ ಬೆಳಕಿನಲ್ಲಿ ಓಡುವ ಒಂದು ಆಕೃತಿ, ಹಿಂದೆ ಉದ್ದನೆಯ ನೆರಳು. ವಿಯೆನ್ನಾದ ಚರಂಡಿಯೊಳಗಿನ ಬೇಟೆ ನೋಡಿದವರಿಗೆ ಗುರುತು ಸಿಗುತ್ತದೆ.

ಇನ್ನು ಹಳೆಯವು. 'ಗಿಲ್ಡಾ' ಪೋಸ್ಟರಿನಲ್ಲಿ ರೀಟಾ ಹೇವರ್ತ್ ತಲೆಯಿಂದ ಕಾಲಿನವರೆಗೆ ನಿಂತಿದ್ದಾಳೆ. ಬರಿ ತೋಳು, ಉದ್ದ ಗೌನು, ಕೈಯಲ್ಲಿ ಸಿಗರೇಟು, ಮೇಲೇರುವ ಹೊಗೆ. ಗಂಡಸಿನ ಸುಳಿವು ಬೇಕಾಗಿಯೇ ಇಲ್ಲ. 'ಗಿಲ್ಡಾಳಂಥ ಹೆಣ್ಣು ಯಾವತ್ತೂ ಇರಲಿಲ್ಲ!' ಅನ್ನುವ ಅರ್ಥದ ಸಾಲು. ಇಂಗ್ಲಿಷಿನಲ್ಲಿ ಆ 'ಯಾವತ್ತೂ ಇಲ್ಲ' ಅನ್ನುವ ಪದ ಮಾತ್ರ ದೊಡ್ಡಕ್ಷರದಲ್ಲಿ. ಆಗ ಅಮೆರಿಕದಲ್ಲಿ ಸಿನಿಮಾಕ್ಕಷ್ಟೇ ಅಲ್ಲ, ಅದರ ಜಾಹೀರಾತಿಗೂ 1930ರಿಂದಲೇ ನೀತಿಸಂಹಿತೆ ಇತ್ತು. ಅದೇ 1946ರಲ್ಲಿ ಇನ್ನೊಂದು ಸಿನಿಮಾಕ್ಕೆ ಪೋಸ್ಟರು-ಜಾಹೀರಾತು ಅತಿಯಾಯಿತು ಅಂತ ಕೊಟ್ಟ ಒಪ್ಪಿಗೆ ಮುದ್ರೆಯನ್ನೇ ವಾಪಸ್ ಪಡೆದರು. ಹಾಗಾಗಿ ಬಾಯಿ ಬಿಟ್ಟು ಹೇಳಲಾಗದ್ದನ್ನು ಹೊಗೆ ಹೇಳಬೇಕಿತ್ತು, ನಿಂತ ಭಂಗಿ ಹೇಳಬೇಕಿತ್ತು. ಹೊಗೆಯ ಈ ಚಾಳಿ ಎಷ್ಟು ಗಟ್ಟಿ ಅಂದರೆ 1974ರ 'ಚೈನಾಟೌನ್' ಪೋಸ್ಟರಿನಲ್ಲಿ ಗಂಡಸಿನ ಸಿಗರೇಟಿನ ಹೊಗೆಯೇ ಸುರುಳಿ ಸುತ್ತಿ ಹೆಣ್ಣಿನ ಮುಖವಾಗಿಬಿಡುತ್ತದೆ.

ಪ್ರಿಂಟಿನ ಬಣ್ಣ ಚೆನ್ನಾಗಿ ಬಂದಿದೆ. ಆದರೆ ಗಿಲ್ಡಾ ಯಾಕೋ ಸ್ವಲ್ಪ ದಪ್ಪ ಕಾಣುತ್ತಿದ್ದಳು. ಮೊದಲು ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಆ ಕಾಲದ ಅಮೆರಿಕನ್ ಪೋಸ್ಟರಿನ ಮಾಮೂಲಿ ಅಳತೆ, ಅವರು ಒನ್-ಶೀಟ್ ಅನ್ನುತ್ತಾರೆ, 27 ಇಂಚು ಅಗಲ, 41 ಇಂಚು ಎತ್ತರ. 27ನ್ನು 41ರಿಂದ ಭಾಗಿಸಿದರೆ ಸುಮಾರು 0.66. ಎ2 ಹಾಳೆ 420 ಮಿಲಿಮೀಟರ್ ಅಗಲ, 594 ಎತ್ತರ, ಅಂದರೆ 0.71. ಅಸಲಿ ಪೋಸ್ಟರ್ ಇದಕ್ಕಿಂತ ಉದ್ದುದ್ದ. ಅದನ್ನು ಎ2ಗೆ ತುಂಬಿಸಬೇಕಾದರೆ ಪಕ್ಕದಲ್ಲಿ ಬಿಳಿ ಅಂಚು ಬಿಡಬೇಕು, ಇಲ್ಲವೇ ಮೇಲೆ ಕೆಳಗೆ ಕತ್ತರಿಸಬೇಕು. ಈ ಪುಣ್ಯಾತ್ಮರು ಅಡ್ಡಕ್ಕೆ ಎಳೆದುಬಿಟ್ಟಿದ್ದಾರೆ. ಶೇಕಡಾ 7ರಷ್ಟು ಹಿಗ್ಗಿದ ರೀಟಾ ಹೇವರ್ತ್! ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದಿಲ್ಲ. ಮಾರಿದವರಿಗೆ ಅಳತೆ ಸಮೇತ ಮೆಸೇಜ್ ಕಳಿಸಿದೆ. 'ಡಿಸೈನ್ ಹಾಗೇ ಇದೆ ಸರ್' ಅಂತ ಉತ್ತರ ಬಂತು. ಎರಡನೇ ಮೆಸೇಜಿಗೆ ಉತ್ತರವೇ ಇಲ್ಲ. ಆದರೂ ಇದನ್ನು ಚೆನ್ನಾಗಿರುವ ಮೂರರಲ್ಲೇ ಇಟ್ಟಿದ್ದೇನೆ. ಗಿಲ್ಡಾ ಎಷ್ಟಾದರೂ ಗಿಲ್ಡಾನೇ.

'ಟಚ್ ಆಫ್ ಈವಿಲ್' ಮಾತ್ರ ಸರಿಯಾಗಿ ಮಾಡಿದ್ದಾರೆ. ಪಕ್ಕದಲ್ಲಿ ಬಿಳಿ ಅಂಚು ಬಿಟ್ಟಿದ್ದಾರೆ, ಏನೂ ಕತ್ತರಿಸಿಲ್ಲ. ಹತ್ತಿರ ಹೋಗಿ ನೋಡಿದರೆ ಹಾಳೆಯ ಮೇಲೆ ಅಡ್ಡಕ್ಕೆ ಮೂರು ಮಸುಕು ಗೆರೆ, ಉದ್ದಕ್ಕೆ ಒಂದು. ನನ್ನ ಹೆಂಡತಿ 'ಮಡಚಿ ಕಳಿಸಿದ್ದಾರೆ ನೋಡಿ' ಅಂತ ಬೆರಳಾಡಿಸಿದಳು. ಹಾಳೆ ನುಣ್ಣಗಿದೆ. ಮಡಿಕೆ ಇದ್ದದ್ದು ಅಸಲಿ ಪೋಸ್ಟರಿನಲ್ಲಿ. ಆಗೆಲ್ಲ ಪೋಸ್ಟರನ್ನು ಎಂಟು ಪಾಲಾಗಿ ಮಡಚಿಯೇ ಥಿಯೇಟರಿಗೆ ಕಳಿಸುತ್ತಿದ್ದರು. ಸುರುಳಿ ಸುತ್ತಿ ಕಳಿಸುವುದು ಮಾಮೂಲಾಗಿದ್ದು 1980ರ ದಶಕದಲ್ಲಿ. ಯಾವುದೋ ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡುವಾಗ ಮಡಿಕೆಯ ನೆರಳೂ ಪ್ರಿಂಟಿನಲ್ಲಿ ಬಂದಿದೆ. ಕೆಲವರು ಇದನ್ನು ಕಂಪ್ಯೂಟರಿನಲ್ಲಿ ಅಳಿಸಿ ಹೊಳೆಯುವ ಹಾಗೆ ಮಾಡುತ್ತಾರೆ. ಇವರು ಅಳಿಸದೇ ಬಿಟ್ಟಿದ್ದು ನನಗೆ ಇಷ್ಟವಾಯಿತು, ಸೋಮಾರಿತನಕ್ಕೇ ಬಿಟ್ಟಿದ್ದರೂ ಸರಿ.

ಇನ್ನೊಂದು ಮಜಾ ಇದೆ. ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಭೂತಗನ್ನಡಿ ಹಿಡಿದು ಓದಿದೆ. ಇದು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಕಂಪನಿಯ ಸ್ವತ್ತು, ಈ ಸಿನಿಮಾ ನಿಮ್ಮ ಥಿಯೇಟರಿನಲ್ಲಿ ನಡೆಯುವಷ್ಟು ದಿನ ಮಾತ್ರ ಹಾಕಿಕೊಳ್ಳಿ, ಆಮೇಲೆ ತಕ್ಷಣ ವಾಪಸ್ ಕೊಡಿ ಅಂತ. ಪಕ್ಕದಲ್ಲಿ 58 ಅಂತ ಶುರುವಾಗುವ ನಂಬರು, ಅದು ವರ್ಷ. ಅಮೆರಿಕದ ಬಹುತೇಕ ಪೋಸ್ಟರು ಹಂಚುತ್ತಿದ್ದದ್ದು ಈ ಒಂದೇ ಕಂಪನಿ. ಪೋಸ್ಟರ್ ಬಾಡಿಗೆ ಸಾಮಾನು. ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಹೋಗಿ ಹರಿದು ಕಸ ಸೇರುತ್ತಿತ್ತು. ಅದಕ್ಕೇ ಉಳಿದ ಒಂದೆರಡಕ್ಕೆ ಈಗ ಚಿನ್ನದ ಬೆಲೆ. 'ತಕ್ಷಣ ವಾಪಸ್ ಕೊಡಿ' ಅನ್ನುವ ನೋಟಿಸು ಈಗ ನಮ್ಮ ಮನೆ ಗೋಡೆಯಲ್ಲಿ ಖಾಯಂ.

ಮೂರನೆಯದು ಸಾಲ್ ಬಾಸ್ ಎಂಬ ಅಮೆರಿಕನ್ ಡಿಸೈನರ್ ಮಾಡಿದ 'ಅನಾಟಮಿ ಆಫ್ ಎ ಮರ್ಡರ್'. ಇದು ಕೋರ್ಟಿನ ಕತೆ, ನಾಯರ್ ಲೆಕ್ಕಕ್ಕೆ ಬರುತ್ತದಾ ಅಂತ ಜಗಳ ಮಾಡುವವರಿದ್ದಾರೆ. ಮಾಡಿಕೊಳ್ಳಲಿ. ಕಿತ್ತಳೆ-ಕೆಂಪು ಹಿನ್ನೆಲೆ, ಅದರ ಮೇಲೆ ಕರಿ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಒಂದು ಹೆಣ. ತಲೆ, ತೋಳು, ಕಾಲು ಎಲ್ಲ ಬೇರೆ ಬೇರೆ ತುಂಡು. ಹೆಣದ ಮೈಮೇಲೇ ಸಿನಿಮಾದ ಹೆಸರು. ಜೇಮ್ಸ್ ಸ್ಟೀವರ್ಟ್‌ನಂಥ ಸ್ಟಾರ್ ಇದ್ದೂ ಪೋಸ್ಟರಿಗೆ ಮುಖ ಅವನದ್ದಲ್ಲ. ಆ ಕಾಲಕ್ಕೆ ಇದು ಸಣ್ಣ ಧೈರ್ಯ ಅಲ್ಲ. ಯಾರ ಹೆಸರು ಎಷ್ಟು ದೊಡ್ಡದಿರಬೇಕು, ಯಾರದ್ದು ಮೊದಲು ಬರಬೇಕು ಅಂತ ನಟರ ಕರಾರಿನಲ್ಲೇ ಬರೆದಿರುತ್ತಿತ್ತು. ಹಳೆಯ ಪೋಸ್ಟರುಗಳಲ್ಲಿ ಅಷ್ಟು ತಲೆಗಳು ಗಾಳಿಯಲ್ಲಿ ತೇಲುವುದಕ್ಕೆ ಕಲೆಗಿಂತ ವ್ಯಾಪಾರವೇ ಕಾರಣ. ನಿರ್ದೇಶಕ ಆಟೋ ಪ್ರೆಮಿಂಜರ್ ಬಾಸ್‌ನ ಬೆನ್ನಿಗೆ ನಿಂತ. 1955ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಸಿನಿಮಾಕ್ಕೆ ಇದೇ ಜೋಡಿ ಒಂದು ಸೊಟ್ಟ ಕೈ ಇಟ್ಟು ಗೆದ್ದಿತ್ತು. ಇಲ್ಲಿ ಅದೇ ತುಂಡು ಹೆಣ ಸಿನಿಮಾದ ಟೈಟಲ್ಲಿನಲ್ಲೂ ಬರುತ್ತದೆ.

ಈಗ ಫ್ರೇಮಿನ ವಿಷಯ. ಮಲೆನಾಡಿನಲ್ಲಿ ಪೋಸ್ಟರ್ ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಎರಡು ವರ್ಷದ ಹಿಂದೆ ಇನ್ನೊಂದು ಕಡೆ ಒಂದು ಪ್ರಿಂಟಿಗೆ ಫ್ರೇಮ್ ಹಾಕಿಸಿದ್ದೆ. ಕಾಗದವನ್ನು ನೇರವಾಗಿ ಗಾಜಿಗೆ ಒತ್ತಿ ಕೂರಿಸಿದ್ದರು. ಒಂದೇ ಮಳೆಗಾಲ. ಆಗಸ್ಟ್ ಹೊತ್ತಿಗೆ ಹಿಂದಿನ ಹಲಗೆ ಹಪ್ಪಳದ ಥರ ಉಬ್ಬಿತು, ಕಾಗದ ಗಾಜಿಗೆ ಅಂಟಿತು, ಒಳಗೆ ಬೂಷ್ಟು. ಬಿಡಿಸಲು ಹೋದರೆ ಬಣ್ಣದ ಪದರವೇ ಎದ್ದು ಬಂತು. ತೋರಿಸಿದಾಗ 'ನಿಮ್ಮ ಗೋಡೆಯಲ್ಲೇ ಥಂಡಿ' ಅಂದರು. ಶಿವಮೊಗ್ಗದಲ್ಲಿ ಜುಲೈನಲ್ಲಿ ಥಂಡಿ ಇಲ್ಲದ ಗೋಡೆ ಯಾರ ಮನೆಯಲ್ಲಿದೆ?

ಈ ಸಲ ದುರ್ಗಿಗುಡಿ ಕಡೆಯ ಒಂದು ಸಣ್ಣ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಬ್ರಷ್ ಕೆಲಸ ನಿಂತ ಮೇಲೆ ದೇವರ ಫೋಟೊ, ಮದುವೆ ಫೋಟೊಗೆ ಕಟ್ಟು ಹಾಕುತ್ತಾರೆ. ಆರೂ ಪ್ರಿಂಟನ್ನು ಮೇಜಿನ ಮೇಲೆ ಹರಡಿದೆ. ಅವರು ಚಿತ್ರ ನೋಡಲೇ ಇಲ್ಲ, ಅಕ್ಷರ ನೋಡಿದರು. 'ಲಾರಾ' ಮೇಲೆ ಬೆರಳಿಟ್ಟು, 'ಇದು ಕಂಪ್ಯೂಟರು. ಈ ಎರಡೂ ಎ ನೋಡಿ, ಒಂದೇ ಅಚ್ಚಿನಲ್ಲಿ ತೆಗೆದ ಚಕ್ಕುಲಿ' ಅಂದರು. ಆಮೇಲೆ ಸಾಲ್ ಬಾಸ್‌ನ ಪೋಸ್ಟರ್ ಹತ್ತಿರ ಎಳೆದುಕೊಂಡರು. 'ಇಲ್ಲಿ ಒಂದು ಎ ಇದ್ದ ಹಾಗೆ ಇನ್ನೊಂದಿಲ್ಲ. ಇದು ಕೈ.' ನಾನು ಹತ್ತು ಸಲ ನೋಡಿದ್ದರೂ ಇದನ್ನು ಗಮನಿಸಿರಲಿಲ್ಲ.

ಅಲ್ಲಿಂದ ಮಾತು ಕನ್ನಡ ಅಕ್ಷರಕ್ಕೆ ಹೋಯಿತು. ಇಂಗ್ಲಿಷಿನವರಿಗೆ ಕೂಗಬೇಕಾದರೆ ದೊಡ್ಡಕ್ಷರ ಇದೆ, ಗಿಲ್ಡಾ ಸಾಲಿನಲ್ಲಿ ಮಾಡಿದ ಹಾಗೆ. ನಮಗೆ ಅದಿಲ್ಲ. ಮತ್ತೆ ನೀವು ಹೇಗೆ ಕೂಗಿಸುತ್ತಿದ್ದಿರಿ ಅಂತ ಕೇಳಿದೆ. ತಲೆಕಟ್ಟನ್ನು ದಪ್ಪ ಮಾಡಿ ಕತ್ತಿ ಥರ ಎಳೆಯುವುದು, ಒತ್ತಕ್ಷರವನ್ನು ಕೆಳಗಿನವರೆಗೆ ಇಳಿಬಿಡುವುದು, ಬಲಗಡೆ ಕಪ್ಪು ನೆರಳು ಕೊಟ್ಟು ಅಕ್ಷರ ಗೋಡೆಯಿಂದ ಎದ್ದು ಬಂದ ಹಾಗೆ ಮಾಡುವುದು. ಕೊಲೆ ಸಿನಿಮಾ ಆದರೆ ಕೊಂಬಿನ ತುದಿಯಿಂದ ಎರಡು ಹನಿ ರಕ್ತ. ಹೇಳುತ್ತಾ ಹೇಳುತ್ತಾ ಪ್ಯಾಕಿಂಗಿನ ಖಾಕಿ ಕಾಗದದ ಮೇಲೆ ಪೆನ್ಸಿಲಿನಲ್ಲಿ 'ಕೊಲೆ' ಅಂತ ಬರೆದು ತೋರಿಸಿದರು. ಎರಡೇ ಅಕ್ಷರ. 'ಲೆ'ಯ ಬಾಲ ಓರೆಯಾಗಿ ಹೋಗಿ ಚಾಕುವಾಗಿತ್ತು. ಆ ಕಾಗದ ಕೇಳಿ ತಂದಿದ್ದೇನೆ.

ಕೆಲಸವೂ ಹಾಗೇ ಇದೆ. ಗಾಜಿಗೂ ಕಾಗದಕ್ಕೂ ಮಧ್ಯೆ ಗಾಳಿ ಆಡಲು ಸುತ್ತ ದಪ್ಪ ರಟ್ಟಿನ ಅಂಚು. ಹಿಂದೆ ಮರದ ಹೊಟ್ಟಿನ ಹಲಗೆ ಬೇಡ ಅಂತ ಅವರೇ ಹೇಳಿ ಪ್ಲಾಸ್ಟಿಕ್ ಶೀಟ್ ಹಾಕಿದರು. ಫ್ರೇಮಿನ ಹಿಂಬದಿ ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಗುಂಡಿ, ಗೋಡೆಗೆ ಅಂಟದೇ ಇರಲಿ ಅಂತ. ಒಂದಕ್ಕೆ 850 ರೂಪಾಯಿ. ನಾಲ್ಕು ದಿನ ಅಂದವರು ಎಂಟು ದಿನ ಮಾಡಿದರು, ಮಳೆಗೆ ಅಂಟು ಒಣಗಲಿಲ್ಲ ಅಂತ. ಇದು ಸುಳ್ಳಲ್ಲ, ನಮ್ಮನೆ ಬಟ್ಟೆಯೂ ಒಣಗಿರಲಿಲ್ಲ.

ಕಪ್ಪು ಪ್ರಿಂಟುಗಳ ಬಗ್ಗೆ ಅವರೇ ಒಂದು ಎಚ್ಚರಿಕೆ ಕೊಟ್ಟರು. ಇಡೀ ಹಾಳೆ ಕಪ್ಪಿದ್ದರೆ ಬೆರಳಿನ ಗುರುತು, ಉಗುರಿನ ಗೀರು ಎಲ್ಲ ಬೆಳ್ಳಗೆ ಕಾಣುತ್ತದೆ, ಬೂಷ್ಟಂತೂ ಮೊದಲ ದಿನವೇ. ಆಗುಂಬೆ ಕಡೆಯವರು, ಹೋಮ್‌ಸ್ಟೇ ಗೋಡೆಗೆ ಅಂತ ಇಂಥದ್ದು ಹುಡುಕುವವರು ಇದನ್ನು ಗಮನಿಸಿ. ಹಳದಿ-ಕೆಂಪಿನ ಪೋಸ್ಟರ್ ಸಣ್ಣಪುಟ್ಟ ಕಲೆಯನ್ನು ನುಂಗಿಕೊಳ್ಳುತ್ತದೆ.

ಕೊನೆಗೆ ನಾಲ್ಕಕ್ಕೆ ಮಾತ್ರ ಫ್ರೇಮ್ ಹಾಕಿಸಿದೆ. ಹಳೆಯ ಮೂರು, ಜೊತೆಗೆ 'ಥರ್ಡ್ ಮ್ಯಾನ್'. ಮೊನ್ನೆ ರಾತ್ರಿ ಕರೆಂಟು ಹೋಗಿ ಹೊರಗೆ ಮಳೆ ಸುರಿಯುವಾಗ ಟಾರ್ಚ್ ಬಿಟ್ಟು ನೋಡಿದೆ. ಹಾಲಿವುಡ್‌ನವರು ರಾತ್ರಿ ದೃಶ್ಯಕ್ಕೆ ರಸ್ತೆ ಹೊಳೆಯಲಿ ಅಂತ ಪೈಪಿನಲ್ಲಿ ನೀರು ಹೊಡೆಸುತ್ತಿದ್ದರು. ನಮಗೆ ಆ ಖರ್ಚು ಉಳಿಯಿತು.

ಈ ಸೆಟ್ ಕೊಳ್ಳಬೇಕಾ ಅಂತ ಕೇಳಿದರೆ, ಬಿಡಿ ಬಿಡಿಯಾಗಿ ಸಿಕ್ಕರೆ ಹಳೆಯ ಮೂರನ್ನು ತಗೊಳ್ಳಿ. ಕೊಳ್ಳುವ ಮೊದಲು ಬಿಳಿ ಅಂಚು ಬಿಟ್ಟಿದ್ದಾರಾ, ಎಳೆದಿದ್ದಾರಾ ಅಂತ ಕೇಳಿ. 'ಡಬಲ್ ಇಂಡೆಮ್ನಿಟಿ'ಯ ಪಟ್ಟಿ, 'ಲಾರಾ'ದ ತುಟಿ ಎರಡೂ ಇನ್ನೂ ಟ್ಯೂಬಿನಲ್ಲೇ ಇವೆ. ಬೇಕಾದವರು ಬಂದು ಒಯ್ಯಬಹುದು, ಟ್ಯೂಬ್ ಸಮೇತ. ಕೊಡೆ ಮಾತ್ರ ನೀವೇ ತನ್ನಿ.